ಡಾಂಬರಿನಲ್ಲಿ ಬಣ್ಣ, ಮುಗ್ಗಟ್ಟಿನಲ್ಲಿ ವ್ಯಾಪಾರ: ವಿಲಿಯಂ ಪರ್ಕಿನ್ ಬದುಕು

1857ರ ನವೆಂಬರ್ ತಿಂಗಳು. ಅಮೆರಿಕದಲ್ಲಿ ಆರಂಭವಾದ ಹಣಕಾಸಿನ ಕುಸಿತ ಅಟ್ಲಾಂಟಿಕ್ ದಾಟಿ ಬ್ರಿಟನ್ನಿಗೆ ಬಂದಿತ್ತು. ಗ್ಲಾಸ್ಗೋ ನಗರದ ವೆಸ್ಟರ್ನ್ ಬ್ಯಾಂಕ್ ಆಫ್ ಸ್ಕಾಟ್ಲೆಂಡ್ ಬಾಗಿಲು ಹಾಕಿತು. ಬ್ಯಾಂಕ್ ಆಫ್ ಇಂಗ್ಲೆಂಡ್ ಬಡ್ಡಿದರವನ್ನು ಶೇ. 10ಕ್ಕೆ ಏರಿಸಿತು. ನೋಟು ಚಲಾವಣೆಗೆ ಮಿತಿ ಹಾಕಿದ್ದ ಕಾನೂನನ್ನೇ ಸರ್ಕಾರ ಕೆಲಕಾಲ ಬದಿಗಿಡಬೇಕಾಯಿತು. ಅದೇ ವರ್ಷ ಭಾರತದಲ್ಲಿ ಸಿಪಾಯಿಗಳ ದಂಗೆ ಭುಗಿಲೆದ್ದು, ಪೂರ್ವದೇಶದ ವ್ಯಾಪಾರವನ್ನು ನಂಬಿದ್ದ ಲಂಡನ್ನಿನ ವರ್ತಕರಿಗೆ ನಿದ್ದೆ ಇಲ್ಲದಂತಾಗಿತ್ತು.

ಇಂಥ ಹೊತ್ತಿನಲ್ಲಿ ಲಂಡನ್ನಿನ ವಾಯವ್ಯಕ್ಕಿರುವ ಗ್ರೀನ್‌ಫರ್ಡ್ ಗ್ರೀನ್ ಎಂಬಲ್ಲಿ, ಕಾಲುವೆಯ ದಡದ ಮೇಲೆ, ಒಂದು ಹೊಸ ಕಾರ್ಖಾನೆ ತಲೆಯೆತ್ತುತ್ತಿತ್ತು. ಅದಕ್ಕೆ ಹಾಕಿದ್ದು ಒಬ್ಬ ಬಡಗಿಯ ಜೀವಮಾನದ ಉಳಿತಾಯ. ಅದರ ಮುಖ್ಯಸ್ಥನ ವಯಸ್ಸು ಹತ್ತೊಂಬತ್ತು. ತಯಾರಾಗಬೇಕಿದ್ದ ಸರಕು, ಅದುವರೆಗೆ ಜಗತ್ತಿನಲ್ಲಿ ಯಾರೂ ಕಾರ್ಖಾನೆಯಲ್ಲಿ ಮಾಡಿರದ ಒಂದು ನೇರಳೆ ಬಣ್ಣ. ಹಣವಂತರೇ ಕೈ ಬಿಗಿ ಹಿಡಿದಿದ್ದ ಆ ಚಳಿಗಾಲದಲ್ಲಿ, ಡಿಸೆಂಬರ್ ತಿಂಗಳಲ್ಲಿ, ಕಾರ್ಖಾನೆಯ ಮೊದಲ ಬಣ್ಣ ಲಂಡನ್ನಿನ ರೇಷ್ಮೆ ಬಣ್ಣಗಾರನೊಬ್ಬನ ತೊಟ್ಟಿ ಸೇರಿತು.

ಆ ಹುಡುಗನೇ ವಿಲಿಯಂ ಹೆನ್ರಿ ಪರ್ಕಿನ್. ಕೃತಕ ಬಣ್ಣಗಳ ಉದ್ಯಮಕ್ಕೆ ತಳಪಾಯ ಹಾಕಿದವನೆಂದು ರಸಾಯನ ವಿಜ್ಞಾನದ ವಿದ್ಯಾರ್ಥಿಗಳೆಲ್ಲ ಈತನ ಹೆಸರನ್ನು ಓದಿರುತ್ತಾರೆ. ಪಠ್ಯಪುಸ್ತಕಗಳು ಹೇಳುವುದು ಆಕಸ್ಮಿಕ ಶೋಧದ ಕಥೆಯನ್ನು ಮಾತ್ರ. ಆದರೆ ಆ ಶೋಧವನ್ನು ಹದಿನೇಳು ವರ್ಷ ವ್ಯಾಪಾರವಾಗಿ ನಡೆಸಿ, ಎರಡು ದೊಡ್ಡ ಹಣಕಾಸಿನ ಕುಸಿತಗಳನ್ನು ದಾಟಿ, ಮೂರನೆಯದು ಆರಂಭವಾಗುತ್ತಿದ್ದಂತೆ ಲಾಭದೊಡನೆ ಹೊರಬಂದ ಕಥೆ ಅಷ್ಟೇ ಸ್ವಾರಸ್ಯದ್ದು.

ಬಡಗಿಯ ಮನೆಯ ಮೇಲ್ಮಾಳಿಗೆ

ಪರ್ಕಿನ್ ಹುಟ್ಟಿದ್ದು 1838ರ ಮಾರ್ಚ್ 12ರಂದು, ಲಂಡನ್ನಿನ ಪೂರ್ವಭಾಗದ ಶ್ಯಾಡ್‌ವೆಲ್ ಎಂಬ ಹಡಗುಕಟ್ಟೆಯ ಬಡಾವಣೆಯಲ್ಲಿ. ತಂದೆ ಜಾರ್ಜ್ ಫೌಲರ್ ಪರ್ಕಿನ್ ಬಡಗಿ ಕೆಲಸದಿಂದ ಮೇಲೆ ಬಂದು ಮನೆ ಕಟ್ಟಿಸುವ ಗುತ್ತಿಗೆ ಹಿಡಿಯುತ್ತಿದ್ದವರು. ಏಳು ಮಕ್ಕಳಲ್ಲಿ ವಿಲಿಯಂ ಕಿರಿಯ. ಮಗ ವಾಸ್ತುಶಿಲ್ಪಿಯಾಗಲಿ ಎಂಬುದು ತಂದೆಯ ಆಸೆ. ಮಗನಿಗೋ ಚಿಕ್ಕಂದಿನಲ್ಲಿ ಗೆಳೆಯನೊಬ್ಬ ಹರಳುಗಳು ಮೂಡುವ ಪ್ರಯೋಗ ತೋರಿಸಿದಂದಿನಿಂದ ರಸಾಯನದ ಹುಚ್ಚು.

ಸಿಟಿ ಆಫ್ ಲಂಡನ್ ಸ್ಕೂಲ್‌ನಲ್ಲಿ ಆಗ ರಸಾಯನ ಶಾಸ್ತ್ರಕ್ಕೆ ಪಾಠದ ವೇಳಾಪಟ್ಟಿಯಲ್ಲಿ ಜಾಗವಿರಲಿಲ್ಲ. ಥಾಮಸ್ ಹಾಲ್ ಎಂಬ ಉಪಾಧ್ಯಾಯರು ಊಟದ ಬಿಡುವಿನಲ್ಲಿ ಅದನ್ನು ಹೇಳಿಕೊಡುತ್ತಿದ್ದರು. ಪರ್ಕಿನ್ ಊಟ ಬಿಟ್ಟು ಪಾಠಕ್ಕೆ ಕೂರುತ್ತಿದ್ದ. ಹುಡುಗನ ತಂದೆಯ ಮನವೊಲಿಸಿದವರೂ ಈ ಹಾಲ್ ಮೇಷ್ಟ್ರೇ. 1853ರಲ್ಲಿ, ಹದಿನೈದನೆಯ ವಯಸ್ಸಿಗೆ, ಪರ್ಕಿನ್ ರಾಯಲ್ ಕಾಲೇಜ್ ಆಫ್ ಕೆಮಿಸ್ಟ್ರಿ ಸೇರಿದ. ಅಲ್ಲಿ ಪ್ರಾಧ್ಯಾಪಕರಾಗಿದ್ದವರು ಜರ್ಮನಿಯಿಂದ ಬಂದಿದ್ದ ಆಗಸ್ಟ್ ವಿಲ್ಹೆಲ್ಮ್ ಹಾಫ್‌ಮನ್.

ಹಾಫ್‌ಮನ್ ಅವರಿಗೆ ಕಲ್ಲಿದ್ದಲಿನ ಡಾಂಬರೆಂದರೆ ಬಲು ಆಸಕ್ತಿ. ಊರ ದೀಪಗಳಿಗೆ ಅನಿಲ ತಯಾರಿಸುವಾಗ ಉಳಿಯುತ್ತಿದ್ದ ಈ ಕಪ್ಪು ಅಂಟಿನ ರಾಶಿ ಅನಿಲ ಕಂಪೆನಿಗಳಿಗೆ ದೊಡ್ಡ ತಲೆನೋವಾಗಿತ್ತು. ಅದರಲ್ಲಿ ಏನೇನಿದೆ ಎಂದು ಹಾಫ್‌ಮನ್ ಶಿಷ್ಯರು ಒಂದೊಂದಾಗಿ ಬೇರ್ಪಡಿಸುತ್ತಿದ್ದರು. ಪರ್ಕಿನ್‌ಗೆ ಒಪ್ಪಿಸಿದ ಮೊದಲ ಕೆಲಸ ಆಂಥ್ರಸೀನ್ ಎಂಬ ಪದಾರ್ಥದ ಮೇಲಿನದು. ಅದು ಕೈಗೂಡಲಿಲ್ಲ. ಓದುಗರು ಈ ಹೆಸರನ್ನು ನೆನಪಿಟ್ಟುಕೊಳ್ಳಬೇಕು. ಹದಿನೈದು ವರ್ಷಗಳ ನಂತರ ಗ್ರೀನ್‌ಫರ್ಡ್ ಕಾರ್ಖಾನೆಯನ್ನು ಉಳಿಸಿದ್ದು ಇದೇ ಆಂಥ್ರಸೀನ್.

ಆ ಕಾಲದಲ್ಲಿ ಮಲೇರಿಯಾಕ್ಕೆ ಇದ್ದ ಮದ್ದು ಕ್ವಿನೈನ್ ಒಂದೇ. ಅದು ಬರುತ್ತಿದ್ದುದು ದಕ್ಷಿಣ ಅಮೆರಿಕದ ಸಿಂಕೋನಾ ಮರದ ತೊಗಟೆಯಿಂದ. ನೀಲಗಿರಿಯಲ್ಲಿ ಸಿಂಕೋನಾ ತೋಟಗಳು ಬಂದದ್ದು ಇನ್ನೂ ಮುಂದೆ, 1860ರ ದಶಕದಲ್ಲಿ. ಭಾರತದಂಥ ವಸಾಹತುಗಳಲ್ಲಿ ಜ್ವರದಿಂದ ಸಾಯುತ್ತಿದ್ದ ಸಿಪಾಯಿಗಳಿಗೂ ಅಧಿಕಾರಿಗಳಿಗೂ ಅದು ಬೇಕೇಬೇಕಿತ್ತು. ಡಾಂಬರಿನ ಪದಾರ್ಥಗಳಿಂದ ಕ್ವಿನೈನ್ ಮಾಡಬಹುದೇ ಎಂಬ ಯೋಚನೆಯನ್ನು ಹಾಫ್‌ಮನ್ ಮುಂದಿಟ್ಟಿದ್ದರು.

1856ರ ಈಸ್ಟರ್ ರಜೆ. ಗುರುಗಳು ಊರಿಗೆ ಹೋಗಿದ್ದರು. ಪರ್ಕಿನ್ ಮನೆಯ ಮೇಲ್ಮಾಳಿಗೆಯ ಪುಟ್ಟ ಪ್ರಯೋಗಶಾಲೆಯಲ್ಲಿ ಕ್ವಿನೈನ್‌ಗಾಗಿ ಕೈಹಾಕಿದ. ಬಂದದ್ದು ಕೆಂಗಂದು ಬಣ್ಣದ ಗಸಿ. ಇನ್ನಷ್ಟು ಸರಳವಾದ ಅನಿಲಿನ್ ಎಂಬ ಪದಾರ್ಥದೊಡನೆ ಅದೇ ಪ್ರಯೋಗ ಮಾಡಿದ. ಈ ಬಾರಿ ಕಪ್ಪನೆಯ ಮುದ್ದೆ. ಬೇರೆ ಯಾರಾದರೂ ಆಗಿದ್ದರೆ ಎಸೆಯುತ್ತಿದ್ದರು. ಆತ ಅದನ್ನು ಮದ್ಯಸಾರದಲ್ಲಿ ಕರಗಿಸಿ ನೋಡಿದ. ಪಾತ್ರೆಯ ತುಂಬ ಸುಂದರ ನೇರಳೆ ಬಣ್ಣ.

ಕ್ವಿನೈನ್ ಆತನಿಗೆ ದಕ್ಕುವ ಮಾತೇ ಇರಲಿಲ್ಲ. ಅದರ ಅಣುವಿನ ರಚನೆ ಆಗ ಯಾರಿಗೂ ಗೊತ್ತಿರಲಿಲ್ಲ. ಪರಮಾಣುಗಳ ಲೆಕ್ಕ ಕೂಡಿಸಿ ಕಳೆದು ಮಾಡಿದ ಪ್ರಯತ್ನವದು. ಆತನ ಅನಿಲಿನ್ ಸಹ ಶುದ್ಧವಾಗಿರಲಿಲ್ಲ. ಅದರಲ್ಲಿ ಬೆರೆತಿದ್ದ ಟಾಲುಯಿಡಿನ್ ಎಂಬ ಕಲ್ಮಶ ಇಲ್ಲದಿದ್ದರೆ ಆ ನೇರಳೆ ಮೂಡುತ್ತಲೇ ಇರಲಿಲ್ಲ.

ಪತ್ರ, ಪೇಟೆಂಟ್ ಮತ್ತು ಮುನಿಸು

ರೇಷ್ಮೆಯ ತುಂಡಿಗೆ ಆ ಬಣ್ಣ ಹಚ್ಚಿ ನೋಡಿದಾಗ ಅದು ಚೆನ್ನಾಗಿ ಕಚ್ಚಿತು, ಒಗೆದರೂ ಬಿಸಿಲಿಗಿಟ್ಟರೂ ಮಾಸಲಿಲ್ಲ. ಪರ್ಕಿನ್ ಒಂದು ಮಾದರಿಯನ್ನು ಸ್ಕಾಟ್ಲೆಂಡಿನ ಪರ್ತ್ ಊರಿನ ಹೆಸರಾಂತ ಬಣ್ಣಗಾರರಾದ ಪುಲ್ಲರ್ ಮನೆತನಕ್ಕೆ ಕಳುಹಿಸಿದ. 1856ರ ಜೂನ್ ತಿಂಗಳಲ್ಲಿ ರಾಬರ್ಟ್ ಪುಲ್ಲರ್ ಅವರ ಉತ್ತರ ಬಂತು. ಬಟ್ಟೆಯ ಬೆಲೆ ತೀರಾ ಏರದಂತಿದ್ದರೆ ಇದು ಬಹುಕಾಲದಲ್ಲಿ ಬಂದ ಅತ್ಯಂತ ಉಪಯುಕ್ತ ಶೋಧಗಳಲ್ಲಿ ಒಂದಾದೀತು, ಆದರೆ ಹತ್ತಿಯ ಮೇಲೆ ಇದು ರೇಷ್ಮೆಯಷ್ಟು ಚೆನ್ನಾಗಿ ನಿಲ್ಲುವುದಿಲ್ಲ ಎಂಬುದು ಅದರ ಸಾರ. ವ್ಯಾಪಾರಿಯ ಮಾತು ನೋಡಿ, ಹೊಗಳಿಕೆಯೊಡನೆ ಬೆಲೆಯ ಷರತ್ತೂ ಇದೆ. ಪರ್ಕಿನ್ ಬದುಕಿನ ಮುಂದಿನ ಹದಿನೇಳು ವರ್ಷ ಕಳೆದದ್ದು ಈ ಷರತ್ತಿನೊಡನೆ ಗುದ್ದಾಡುವುದರಲ್ಲೇ.

ಆಗಸ್ಟ್ 26ರಂದು ಪೇಟೆಂಟ್‌ಗೆ ಅರ್ಜಿ ಸಲ್ಲಿಕೆಯಾಯಿತು. ಅರ್ಜಿದಾರನಿಗೆ ಹದಿನೆಂಟು ವರ್ಷ. ಇಪ್ಪತ್ತೊಂದು ತುಂಬದವನಿಗೆ ಪೇಟೆಂಟ್ ಸಿಕ್ಕೀತೇ ಎಂಬ ಅನುಮಾನವೂ ಎದ್ದು, ಕಾನೂನು ಬಲ್ಲವರು ಅಡ್ಡಿಯಿಲ್ಲ ಎಂದ ಮೇಲೆ ಪರಿಹಾರವಾಯಿತು. ಕಾಲೇಜು ಬಿಟ್ಟು ಬಣ್ಣ ಮಾಡಹೊರಟ ಶಿಷ್ಯನ ಮೇಲೆ ಹಾಫ್‌ಮನ್ ಮುನಿಸಿಕೊಂಡರು. ಒಳ್ಳೆಯ ವಿಜ್ಞಾನಿಯೊಬ್ಬ ವ್ಯಾಪಾರಕ್ಕೆ ಬಲಿಯಾಗುತ್ತಿದ್ದಾನೆ ಎಂಬುದು ಅವರ ಸಂಕಟ. ಮಗನ ರಸಾಯನದ ಗೀಳನ್ನು ಮೊದಲು ಒಪ್ಪದಿದ್ದ ತಂದೆ ಮಾತ್ರ ತಮ್ಮ ಗಳಿಕೆಯ ಬಹುಪಾಲನ್ನು ಕಾರ್ಖಾನೆಗೆ ಸುರಿದರು. ಅಣ್ಣ ಥಾಮಸ್ ವ್ಯವಹಾರ ನೋಡಿಕೊಳ್ಳಲು ಬಂದ. ಹೀಗೆ ಪರ್ಕಿನ್ ಅಂಡ್ ಸನ್ಸ್ ಆರಂಭವಾಯಿತು. 1857ರ ಜೂನ್‌ನಲ್ಲಿ ಕಟ್ಟಡದ ಕೆಲಸ ಶುರು. ಆ ಮೊದಲು ಈ ಕುಟುಂಬದಲ್ಲಿ ಯಾರೂ ರಾಸಾಯನಿಕ ಕಾರ್ಖಾನೆಯನ್ನು ನಡೆಸಿದವರಲ್ಲ.

ಮೊದಲ ಮುಗ್ಗಟ್ಟು

ಬಣ್ಣ ಮಾಡಲು ಅನಿಲಿನ್ ಬೇಕು. ಅನಿಲಿನ್ ಮಾರುಕಟ್ಟೆಯಲ್ಲಿ ಸಿಗುವ ವಸ್ತುವಾಗಿರಲಿಲ್ಲ. ಅದನ್ನು ಬೆನ್ಜೀನ್‌ನಿಂದ ಮಾಡಿಕೊಳ್ಳಬೇಕು. ಬೆನ್ಜೀನ್ ಗ್ಲಾಸ್ಗೋದಿಂದ ಬರಬೇಕು. ಅದಕ್ಕೆ ಬೇಕಾದಷ್ಟು ತೀಕ್ಷ್ಣವಾದ ನೈಟ್ರಿಕ್ ಆಮ್ಲ ಪೇಟೆಯಲ್ಲಿ ಸಿಗದು. ಚಿಲಿ ದೇಶದ ಸೋಡಾ ನೈಟ್ರೇಟಿಗೆ ಗಂಧಕಾಮ್ಲ ಬೆರೆಸಿ, ಎರಕದ ಕಬ್ಬಿಣದ ದೊಡ್ಡ ಪಾತ್ರೆಗಳೊಳಗೇ ಆಮ್ಲವನ್ನು ಹುಟ್ಟಿಸುವ ದಾರಿಯನ್ನು ಪರ್ಕಿನ್ ಕಂಡುಕೊಂಡ. ಯಾವ ಕ್ಷಣದಲ್ಲಾದರೂ ಸಿಡಿಯಬಹುದಾದ ಕೆಲಸ. ಪಾತ್ರೆ, ಕೊಳವೆ, ಮುಚ್ಚಳ ಎಲ್ಲವನ್ನೂ ಆತನೇ ರೂಪಿಸಬೇಕಿತ್ತು, ಏಕೆಂದರೆ ಇಂಥ ಕೆಲಸಕ್ಕೆ ಯಂತ್ರ ಮಾಡಿಕೊಡುವವರೇ ಇರಲಿಲ್ಲ.

ಇಷ್ಟೆಲ್ಲ ಸಿದ್ಧವಾಗುವ ವೇಳೆಗೆ ಸ್ಕಾಟ್ಲೆಂಡಿನಲ್ಲಿ ಬ್ಯಾಂಕ್ ಬಿದ್ದಿತ್ತು, ಬಡ್ಡಿ ಗಗನಕ್ಕೇರಿತ್ತು. ಹೊಸ ಕಾರ್ಖಾನೆ ಅಂದು ಮುಳುಗದೆ ಉಳಿದದ್ದಕ್ಕೆ ಮುಖ್ಯವಾಗಿ ಎರಡು ಕಾರಣಗಳನ್ನು ಈ ವರದಿಗಾರ ಕಾಣುತ್ತಾನೆ. ಹೂಡಿದ ಹಣ ಮನೆಯದು, ಶೇ. 10ರ ಬಡ್ಡಿ ಕೇಳುವ ಸಾಲಿಗರನ್ನು ನೆಚ್ಚಿ ಹೊರಟ ಸಂಸ್ಥೆಯಲ್ಲ ಅದು. ಎರಡನೆಯದಾಗಿ, ಅದು ಮಾರಲು ಹೊರಟಿದ್ದ ಸರಕು ತೂಕದಲ್ಲಿ ಅತ್ಯಲ್ಪ, ಬೆಲೆಯಲ್ಲಿ ಬಲು ಹೆಚ್ಚು. ಒಂದಿಷ್ಟು ಬಣ್ಣದಲ್ಲಿ ಬಹಳಷ್ಟು ರೇಷ್ಮೆ ಅದ್ದಬಹುದಿತ್ತು. ಅದನ್ನು ಉಡುವವರು ಸಿರಿವಂತ ಹೆಂಗಸರು. ಹಣಕಾಸಿನ ಬಿರುಗಾಳಿಯಲ್ಲಿ ಮೊದಲು ಕೈಬಿಡುವುದು ಬಡವರ ಕೊಳ್ಳುವ ಶಕ್ತಿ. ಅರಮನೆಯ ಉಡುಪಿಗೆ ಅದರ ಬಿಸಿ ತಟ್ಟುವುದು ತಡವಾಗಿ.

ಅದೃಷ್ಟವೂ ಕೈಹಿಡಿಯಿತೆನ್ನಬೇಕು. ಫ್ರಾನ್ಸಿನ ಸಾಮ್ರಾಜ್ಞಿ ಯುಜೆನಿ ನೇರಳೆ ಬಣ್ಣವನ್ನು ಮೆಚ್ಚಿ ಉಡಲಾರಂಭಿಸಿದ್ದಳು. 1858ರ ಜನವರಿಯಲ್ಲಿ ಹಿರಿಯ ಮಗಳ ಮದುವೆಗೆ ವಿಕ್ಟೋರಿಯಾ ರಾಣಿ ತಿಳಿನೇರಳೆ ಉಡುಪಿನಲ್ಲಿ ಬಂದಳು. ರಾಣಿಯ ಉಡುಪಿನ ಬಣ್ಣ ಪರ್ಕಿನ್ ಕಾರ್ಖಾನೆಯದೇ ಎನ್ನಲು ಆಧಾರವಿಲ್ಲ. ಕಲ್ಲುಹೂವಿನಿಂದ ತೆಗೆದ ನೇರಳೆಯೊಂದು ಫ್ರಾನ್ಸಿನಿಂದ ಬರುತ್ತಿತ್ತು, ಹಕ್ಕಿಹಿಕ್ಕೆಯ ಗೊಬ್ಬರದಿಂದ ಮಾಡಿದ ಮ್ಯುರೆಕ್ಸೈಡ್ ಎಂಬುದೂ ಇತ್ತು. ಆದರೆ ಒಮ್ಮೆ ರಾಣಿ ಉಟ್ಟ ಬಣ್ಣ ಊರೆಲ್ಲ ಬೇಕೆನಿಸಿದಾಗ, ಅಗ್ಗವಾಗಿ, ಮಾಸದಂತೆ ಒದಗಿಸಬಲ್ಲವನಾಗಿ ಪರ್ಕಿನ್ ಸಿದ್ಧನಾಗಿದ್ದ. 1859ರ ವೇಳೆಗೆ ಲಂಡನ್ನಿನ ಬೀದಿಗಳು ಎಷ್ಟು ನೇರಳೆಮಯವಾದವೆಂದರೆ, ಪಂಚ್ ಎಂಬ ವಿನೋದ ಪತ್ರಿಕೆ ಇದನ್ನು ದಡಾರದಂತೆ ಹಬ್ಬಿದ ರೋಗವೆಂದು ಗೇಲಿ ಮಾಡಿತು.

ಆತ ಮೊದಲು ಇಟ್ಟ ಹೆಸರು ಟೈರಿಯನ್ ಪರ್ಪಲ್. ಕಡಲಬಸವನಿಂದ ತೆಗೆಯುತ್ತಿದ್ದ ರೋಮನ್ ಚಕ್ರವರ್ತಿಗಳ ಬಣ್ಣದ ನೆನಪು ಅದರಲ್ಲಿತ್ತು. ಕೊನೆಗೆ ಉಳಿದದ್ದು ಹೂವೊಂದರಿಂದ ಬಂದ ಫ್ರೆಂಚ್ ಹೆಸರು, ಮೋವ್.

ಗಿರಾಕಿಯ ಮನೆ ಬಾಗಿಲಿಗೆ

ರೇಷ್ಮೆಯೇನೋ ಸರಿ, ಹತ್ತಿಯ ಗತಿಯೇನು? ಬ್ರಿಟನ್ನಿನ ಜವಳಿ ಎಂದರೆ ಹತ್ತಿ. ಈ ಬಣ್ಣ ಹತ್ತಿಗೆ ಕಚ್ಚುತ್ತಿರಲಿಲ್ಲ. ನಮ್ಮ ಬಣ್ಣಗಾರರು ಅಳಲೆಕಾಯಿಯ ಒಗರನ್ನು ಬಟ್ಟೆಗೆ ಊಡಿ ಬಣ್ಣ ನಿಲ್ಲಿಸುತ್ತಿದ್ದುದು ಹಳೆಯ ವಿದ್ಯೆ. ಅಂಥ ಒಗರಿನ ಅಂಶವಾದ ಟ್ಯಾನಿನ್ ಬಳಸಿ ಮೋವ್ ಬಣ್ಣವನ್ನು ಹತ್ತಿಗೆ ಕಟ್ಟುವ ವಿಧಾನವನ್ನು ಪರ್ಕಿನ್ ಮತ್ತು ಪುಲ್ಲರ್ ಇಬ್ಬರೂ ಕಂಡುಕೊಂಡರು.

ಅದಷ್ಟೇ ಸಾಲದಾಯಿತು. ತಲೆಮಾರುಗಳಿಂದ ಬೇರು, ತೊಗಟೆ, ಎಲೆಗಳೊಡನೆ ಕೆಲಸ ಮಾಡಿದ್ದ ಬಣ್ಣಗಾರರಿಗೆ ಈ ಹೊಸ ಪುಡಿಯನ್ನು ಹೇಗೆ ಬಳಸಬೇಕೆಂದೇ ತಿಳಿಯದು. ಪರ್ಕಿನ್ ಸ್ವತಃ ಸ್ಕಾಟ್ಲೆಂಡಿನ ಅಚ್ಚುಗಾರರ ಕಾರ್ಖಾನೆಗಳಿಗೆ ಹೋಗಿ, ತೊಟ್ಟಿಯ ಪಕ್ಕದಲ್ಲಿ ನಿಂತು, ಎಷ್ಟು ನೀರು, ಎಷ್ಟು ಬಿಸಿ, ಎಷ್ಟು ಹೊತ್ತು ಎಂಬುದನ್ನು ತೋರಿಸಿಕೊಟ್ಟ. ಬಣ್ಣ ಮಾರಿ ಕೈತೊಳೆದುಕೊಳ್ಳದೆ, ಬಣ್ಣ ಹಾಕುವುದನ್ನೂ ಕಲಿಸುವ ಈ ಪದ್ಧತಿಯನ್ನು ಮುಂದೆ ಜರ್ಮನಿಯ ದೊಡ್ಡ ಕಂಪೆನಿಗಳು ಪ್ರತ್ಯೇಕ ವಿಭಾಗವನ್ನೇ ತೆರೆದು ನಡೆಸಿದವು. ಗಿರಾಕಿ ಕೈಬಿಡದಿರಲು ಅಗ್ಗದ ಬೆಲೆಗಿಂತಲೂ ಇದು ಬಲವಾದ ಹಗ್ಗ.

ಒಂದು ಎಡವಟ್ಟೂ ಆಯಿತು. ಫ್ರಾನ್ಸಿನಲ್ಲಿ ಅರ್ಜಿಯ ದಿನಾಂಕದ ತೊಡಕಿನಿಂದ ಪರ್ಕಿನ್‌ಗೆ ಪೇಟೆಂಟ್ ಸಿಗಲಿಲ್ಲ. ಲಿಯಾನ್ ನಗರದ ರಸಾಯನಗಾರರು ಆತನ ವಿಧಾನವನ್ನೇ ಧಾರಾಳವಾಗಿ ಬಳಸಿದರು. ಅಷ್ಟಕ್ಕೇ ನಿಲ್ಲಲಿಲ್ಲ. 1859ರಲ್ಲಿ ಲಿಯಾನಿನಿಂದಲೇ ಇನ್ನೊಂದು ಬಣ್ಣ ಬಂತು, ಕಣ್ಣು ಕೋರೈಸುವ ಕಡುಗುಲಾಬಿ. ಅದೇ ಮೆಜೆಂಟಾ. ಮಾಡುವುದೂ ಸುಲಭ. 1863ರಲ್ಲಿ ಸ್ವತಃ ಗುರು ಹಾಫ್‌ಮನ್ ಅವರೇ ಹೊಸ ನೇರಳೆಗಳನ್ನು ರೂಪಿಸಿದರು. ಶಿಷ್ಯ ವ್ಯಾಪಾರಕ್ಕಿಳಿದನೆಂದು ಮುನಿದಿದ್ದವರ ಬಣ್ಣವೇ ಶಿಷ್ಯನ ಬಣ್ಣವನ್ನು ಪೇಟೆಯಿಂದ ಹಿಂದೆ ತಳ್ಳಿದ್ದು ವಿಧಿಯ ವಿನೋದ.

ಅರವತ್ತರ ದಶಕದ ಏರುಪೇರು

ಮೋವ್ ಬಣ್ಣದ ಬೇಡಿಕೆ ಇಳಿಯುತ್ತ ಹೋದ ಈ ವರ್ಷಗಳು ಜವಳಿ ಲೋಕಕ್ಕೂ ಕೆಟ್ಟ ವರ್ಷಗಳೇ. 1861ರಲ್ಲಿ ಅಮೆರಿಕದಲ್ಲಿ ಅಂತರ್ಯುದ್ಧ ಆರಂಭವಾಗಿ ಹತ್ತಿಯ ಹಡಗುಗಳು ನಿಂತುಹೋದವು. ಲ್ಯಾಂಕಷೈರ್‌ನ ಗಿರಣಿಗಳು ಬಾಗಿಲು ಹಾಕಿದವು, ಲಕ್ಷಾಂತರ ಕಾರ್ಮಿಕರು ಬೀದಿಗೆ ಬಿದ್ದರು. ಇದೇ ಕಾಲದಲ್ಲಿ ನಮ್ಮ ಧಾರವಾಡ ಸೀಮೆಯ ಹತ್ತಿಗೆ ಎಂದೂ ಕಾಣದ ಬೆಲೆ ಬಂದು, ರೈತರೂ ವರ್ತಕರೂ ನಾಲ್ಕು ದಿನ ಸುಖ ಕಂಡರು. 1865ರಲ್ಲಿ ಯುದ್ಧ ಮುಗಿಯಿತು, ಬೆಲೆ ಬಿತ್ತು. ಮರುವರ್ಷ ಮೇ ತಿಂಗಳಲ್ಲಿ ಲಂಡನ್ನಿನ ಓವರೆಂಡ್ ಗರ್ನಿ ಎಂಬ ಭಾರಿ ಹಣಕಾಸು ಸಂಸ್ಥೆ ದಿವಾಳಿಯೆದ್ದಿತು. ಬಡ್ಡಿ ಮತ್ತೆ ಶೇ. 10. ಬಟ್ಟೆಯೇ ಇಲ್ಲದ ಮೇಲೆ ಬಣ್ಣಕ್ಕೇನು ಕೆಲಸ? ಹತ್ತಿಯ ಅಚ್ಚುಗಾರರನ್ನು ನೆಚ್ಚಿದ್ದ ಬಣ್ಣದವರಿಗೆ ಇವು ಸುಖದ ದಿನಗಳಾಗಿರಲಿಲ್ಲ.

ಪರ್ಕಿನ್ ಒಂದೇ ಬಣ್ಣಕ್ಕೆ ಜೋತುಬೀಳಲಿಲ್ಲ. ಬ್ರಿಟಾನಿಯಾ ವಯಲೆಟ್ ಎಂಬ ನೇರಳೆ, ತನ್ನ ಹೆಸರಿನದೇ ಒಂದು ಹಸಿರು, ಹೀಗೆ ಹೊಸ ಸರಕುಗಳನ್ನು ತಂದ. ಯಾವುದೂ ಮೋವ್‌ನಷ್ಟು ಸದ್ದು ಮಾಡಲಿಲ್ಲ, ಆದರೆ ಕಾರ್ಖಾನೆಯ ಒಲೆ ಆರಲಿಲ್ಲ. ಇನ್ನೂ ಮುಖ್ಯವಾದ ಮಾತೆಂದರೆ, ಹಗಲು ಕಾರ್ಖಾನೆಯ ಕೆಲಸವಿದ್ದರೂ ಆತ ಸಂಶೋಧನೆಯನ್ನು ಬಿಡಲಿಲ್ಲ. 1866ರಲ್ಲಿ, ಇಪ್ಪತ್ತೆಂಟರ ಹರೆಯದಲ್ಲಿ, ರಾಯಲ್ ಸೊಸೈಟಿಯ ಸದಸ್ಯನಾದ. 1868ರಲ್ಲಿ ಹೊಸ ಹುಲ್ಲಿನಂಥ ಪರಿಮಳದ ಕೌಮರಿನ್ ಎಂಬ ಸುಗಂಧವನ್ನು ಕೃತಕವಾಗಿ ತಯಾರಿಸಿದ. ಗಿಡದ ಗಂಧವನ್ನು ಪ್ರಯೋಗಶಾಲೆಯಲ್ಲಿ ಮಾಡಿದ ಮೊದಲ ನಿದರ್ಶನಗಳಲ್ಲಿ ಇದೂ ಒಂದು. ಸಂಕಟದ ಕಾಲದಲ್ಲಿ ಮೊದಲು ಕತ್ತರಿ ಬೀಳುವುದೇ ಇಂಥ ಕೆಲಸಕ್ಕೆ. ಪರ್ಕಿನ್ ಅದಕ್ಕೆ ಕತ್ತರಿ ಹಾಕಿದ್ದರೆ ಮುಂದಿನ ಅಧ್ಯಾಯವೇ ಇರುತ್ತಿರಲಿಲ್ಲ.

ಮನೆಯಲ್ಲೂ ಕಷ್ಟ ಬಂದಿತ್ತು. 1859ರಲ್ಲಿ ಕೈಹಿಡಿದಿದ್ದ ಜೆಮಿಮಾ ಎರಡು ಗಂಡುಮಕ್ಕಳನ್ನು ಬಿಟ್ಟು 1862ರಲ್ಲಿ ತೀರಿಕೊಂಡಳು. ನಾಲ್ಕು ವರ್ಷಗಳ ನಂತರ ಅಲೆಕ್ಸಾಂಡ್ರಿನ್ ಎಂಬಾಕೆಯೊಡನೆ ಮರುಮದುವೆಯಾಯಿತು.

ಮಂಜಿಷ್ಠದ ಕೆಂಪು

ಆ ಕಾಲದ ಬಣ್ಣದ ಪೇಟೆಯಲ್ಲಿ ಇಬ್ಬರು ಅರಸರು. ಒಂದು ನೀಲಿ, ಇನ್ನೊಂದು ಮಂಜಿಷ್ಠದ ಬೇರಿನಿಂದ ಬರುವ ಕೆಂಪು. ಯೂರೋಪಿನ ಮಂಜಿಷ್ಠವನ್ನು ಹಾಲೆಂಡಿನಲ್ಲಿಯೂ ಫ್ರಾನ್ಸಿನ ಅವಿನ್ಯಾನ್ ಸುತ್ತಮುತ್ತಲೂ ವಿಶಾಲವಾಗಿ ಬೆಳೆಯುತ್ತಿದ್ದರು. ಸೈನಿಕರ ಕೆಂಪಂಗಿಯಿಂದ ಹಿಡಿದು ಟರ್ಕಿ ಕೆಂಪು ಎಂದು ಹೆಸರಾದ ಬಟ್ಟೆಯವರೆಗೆ ಅದರ ರಾಜ್ಯ. ಸ್ಕಾಟ್ಲೆಂಡಿನ ಕಾರ್ಖಾನೆಗಳು ಈ ಟರ್ಕಿ ಕೆಂಪು ಬಟ್ಟೆಯನ್ನು ಭಾರತದ ಮಾರುಕಟ್ಟೆಗೆಂದೇ ನವಿಲು, ಹೂಬಳ್ಳಿಗಳ ಅಚ್ಚಿನೊಡನೆ ಭಾರಿ ಪ್ರಮಾಣದಲ್ಲಿ ತಯಾರಿಸುತ್ತಿದ್ದವು.

ಆ ಬೇರಿನ ಬಣ್ಣದ ಸಾರವೇ ಅಲಿಜರಿನ್. 1868ರಲ್ಲಿ ಬರ್ಲಿನ್ನಿನ ಗ್ರೇಬ್ ಮತ್ತು ಲೀಬರ್ಮನ್ ಎಂಬ ಯುವಕರು ಇದನ್ನು ಆಂಥ್ರಸೀನ್‌ನಿಂದ ಮಾಡಬಹುದೆಂದು ತೋರಿಸಿದರು. ಅವರ ವಿಧಾನಕ್ಕೆ ದುಬಾರಿ ಬ್ರೋಮಿನ್ ಬೇಕಿತ್ತು. ವ್ಯಾಪಾರಕ್ಕೆ ಅದು ಆಗದು. ಆಂಥ್ರಸೀನ್ ಎಂದೊಡನೆ ಪರ್ಕಿನ್ ಎದ್ದು ಕುಳಿತಿರಬೇಕು. ಕಾಲೇಜಿನ ದಿನಗಳಲ್ಲಿ ಕೈಕೊಟ್ಟಿದ್ದ ಅದೇ ಪದಾರ್ಥ. ಬ್ರೋಮಿನ್ ಬದಲು ಗಂಧಕಾಮ್ಲ ಬಳಸಿ, ಕಾಸ್ಟಿಕ್ ಸೋಡಾದೊಡನೆ ಕಾಯಿಸುವ ಅಗ್ಗದ ದಾರಿಯನ್ನು ಆತ ಕಂಡುಹಿಡಿದ. 1869ರ ಜೂನ್ 26ರಂದು ಪೇಟೆಂಟ್ ಅರ್ಜಿ ಸಲ್ಲಿಸಿದ.

ಒಂದೇ ಒಂದು ದಿನ ತಡವಾಗಿತ್ತು. ಜೂನ್ 25ರಂದೇ ಜರ್ಮನಿಯ ಬಿಎಎಸ್‌ಎಫ್ ಕಂಪೆನಿಯ ಪರವಾಗಿ ಕಾರೊ, ಗ್ರೇಬ್, ಲೀಬರ್ಮನ್ ಅದೇ ವಿಧಾನಕ್ಕೆ ಅರ್ಜಿ ಹಾಕಿದ್ದರು. ಎರಡೂ ಕಡೆಯವರು ಪರಸ್ಪರ ಅರಿಯದೆ ಅಲ್ಲಿಗೆ ತಲುಪಿದ್ದರು. ನ್ಯಾಯಾಲಯದ ಮೆಟ್ಟಿಲೇರಿ ವರ್ಷಗಟ್ಟಲೆ ಕಾದಾಡಬಹುದಿತ್ತು. ಅವರು ಹಾಗೆ ಮಾಡದೆ ಮಾರುಕಟ್ಟೆಯನ್ನು ಹಂಚಿಕೊಂಡರು. ಬ್ರಿಟನ್ ಪರ್ಕಿನ್‌ಗೆ, ಭೂಖಂಡದ ಯೂರೋಪ್ ಬಿಎಎಸ್‌ಎಫ್‌ಗೆ. ವ್ಯಾಪಾರಿಯಾಗಿ ಪರ್ಕಿನ್ ತೆಗೆದುಕೊಂಡ ಅತ್ಯಂತ ಜಾಣ ನಿರ್ಧಾರ ಇದೆಂದರೆ ತಪ್ಪಾಗಲಾರದು.

ಮುಂದಿನ ಕೆಲಸ ಅಣ್ಣ ಥಾಮಸ್‌ನದು. ಆಂಥ್ರಸೀನ್ ಬೇಕು, ಆದರೆ ಡಾಂಬರು ಬಟ್ಟಿಯಿಳಿಸುವವರಿಗೆ ಅದರ ಹೆಸರೇ ಗೊತ್ತಿಲ್ಲ. ಅವರ ಪಾಲಿಗೆ ಅದು ಗಾಲಿಗೆ ಹಚ್ಚುವ ಜಿಡ್ಡಿನಲ್ಲಿ ಕಳೆದುಹೋಗುತ್ತಿದ್ದ ವಸ್ತು. ಥಾಮಸ್ ದೇಶದ ಡಾಂಬರು ಬಟ್ಟಿಗಳನ್ನೆಲ್ಲ ಸುತ್ತಿ, ಆಂಥ್ರಸೀನ್ ಬೇರ್ಪಡಿಸುವುದನ್ನು ಕಲಿಸಿ, ತಂದುಕೊಟ್ಟಷ್ಟನ್ನೂ ಕೊಳ್ಳುವ ವ್ಯವಸ್ಥೆ ಮಾಡಿದ. ಈ ನಡುವೆ ಪರ್ಕಿನ್ ಇನ್ನೊಂದು ವಿಧಾನ ರೂಪಿಸಿದ. ಮೊದಲನೆಯದಕ್ಕೆ ಬೇಕಿದ್ದ ಅತಿ ತೀಕ್ಷ್ಣ ಗಂಧಕಾಮ್ಲ ದೂರದ ಬೊಹೀಮಿಯಾದಿಂದ ಬರಬೇಕಿತ್ತು. ಹೊಸ ವಿಧಾನದಲ್ಲಿ ಕ್ಲೋರಿನ್ ಬಳಸಿ, ಸಾಮಾನ್ಯ ಆಮ್ಲದಲ್ಲೇ ಕೆಲಸ ಪೂರೈಸಬಹುದಿತ್ತು.

1869ರ ಕೊನೆಗೆ ಗ್ರೀನ್‌ಫರ್ಡ್‌ನಲ್ಲಿ ತಯಾರಾದದ್ದು ಒಂದು ಟನ್ ಅಲಿಜರಿನ್. 1870ರಲ್ಲಿ 40 ಟನ್. 1871ರಲ್ಲಿ 220 ಟನ್. 1873ರಲ್ಲಿ 435 ಟನ್. ಫ್ರಾನ್ಸ್ ಮತ್ತು ಜರ್ಮನಿಗಳ ನಡುವೆ 1870ರಲ್ಲಿ ಯುದ್ಧ ಹೊತ್ತಿಕೊಂಡದ್ದರಿಂದ ಜರ್ಮನಿಯ ಪೈಪೋಟಿ ಕೆಲಕಾಲ ಹಿಂದೆ ಬಿದ್ದದ್ದೂ ಈ ಬೆಳವಣಿಗೆಗೆ ನೆರವಾಯಿತು. ಬೇರಿನ ಬಣ್ಣಕ್ಕಿಂತ ಇದು ಅಗ್ಗ, ಒಂದೇ ಹದ, ಮಳೆಬೆಳೆಯ ಹಂಗಿಲ್ಲ. ಹಾಲೆಂಡ್ ಮತ್ತು ಫ್ರಾನ್ಸಿನ ಮಂಜಿಷ್ಠದ ರೈತರು ಹತ್ತೇ ವರ್ಷದಲ್ಲಿ ಹೊಲ ಬದಲಿಸಬೇಕಾಯಿತು. ಒಬ್ಬರ ಕಾರ್ಖಾನೆ ಉಳಿದ ಕಥೆಯ ಬೆನ್ನಲ್ಲೇ ಸಾವಿರಾರು ಬೇಸಾಯಗಾರರು ಕಳೆದುಕೊಂಡ ಕಥೆಯೂ ಇದೆ. ಅದನ್ನು ಮರೆಮಾಚಿ ಪರ್ಕಿನ್‌ನನ್ನು ಹೊಗಳುವುದು ನ್ಯಾಯವಲ್ಲ.

ಮಾರಿ ಹೊರಬಂದ ಹೊತ್ತು

1873ರ ಮೇ ತಿಂಗಳಲ್ಲಿ ವಿಯೆನ್ನಾದ ಷೇರುಪೇಟೆ ಬಿತ್ತು. ಸೆಪ್ಟೆಂಬರಿನಲ್ಲಿ ನ್ಯೂಯಾರ್ಕ್. ಮುಂದಿನ ಹಲವು ವರ್ಷಗಳ ಕಾಲ ಬೆಲೆಗಳು ಇಳಿಯುತ್ತಲೇ ಹೋದ ಸುದೀರ್ಘ ಹಿಂಜರಿತದ ಆರಂಭವದು.

ಪರ್ಕಿನ್ ಕಾರ್ಖಾನೆ ಆಗ ಉತ್ತುಂಗದಲ್ಲಿತ್ತು. ಹೊರಗಿನಿಂದ ನೋಡುವವರಿಗೆ ಅಷ್ಟೇ ಕಾಣುತ್ತಿತ್ತು. ಒಳಗಿನ ಲೆಕ್ಕ ಬೇರೆ. ಬೇಡಿಕೆಗೆ ತಕ್ಕಂತೆ ಕಾರ್ಖಾನೆಯನ್ನು ಎರಡು ಮೂರು ಪಟ್ಟು ಹಿಗ್ಗಿಸದೆ ವಿಧಿಯಿರಲಿಲ್ಲ. ಜರ್ಮನಿಯಲ್ಲಿ 1877ರವರೆಗೆ ಇಡೀ ದೇಶಕ್ಕೆ ಒಂದೇ ಪೇಟೆಂಟ್ ಕಾನೂನು ಇರಲಿಲ್ಲ. ಹಾಗಾಗಿ ಹೋಕ್ಸ್ಟ್, ಬಾಯರ್ ಮೊದಲಾದವರೆಲ್ಲ ಅಲಿಜರಿನ್ ತಯಾರಿಕೆಗೆ ನುಗ್ಗಿ ಬೆಲೆ ಕುಸಿಯುತ್ತಿತ್ತು. ಅವರ ಬಳಿ ವಿಶ್ವವಿದ್ಯಾಲಯಗಳಿಂದ ಹೊರಬಂದ ತರಬೇತಾದ ರಸಾಯನಜ್ಞರ ಪಡೆಯಿತ್ತು. ಪರ್ಕಿನ್ ಅಂಥವರಿಗಾಗಿ ಬ್ರಿಟನ್ನಿನ ವಿಶ್ವವಿದ್ಯಾಲಯಗಳಲ್ಲಿ ವಿಚಾರಿಸಿ ಬರಿಗೈಯಲ್ಲಿ ಮರಳಿದ್ದ. ಹಾಫ್‌ಮನ್ ಅವರೂ 1865ರಲ್ಲೇ ಬರ್ಲಿನ್ನಿಗೆ ಹೊರಟುಹೋಗಿದ್ದರು.

ಅಣ್ಣತಮ್ಮಂದಿರು ಕೂಡಿ ಯೋಚಿಸಿದರು. 1874ರಲ್ಲಿ ಗ್ರೀನ್‌ಫರ್ಡ್ ಕಾರ್ಖಾನೆಯನ್ನು ಬ್ರೂಕ್, ಸಿಂಪ್ಸನ್ ಅಂಡ್ ಸ್ಪಿಲ್ಲರ್ ಕಂಪೆನಿಗೆ ಮಾರಿದರು. ಪರ್ಕಿನ್‌ಗೆ ಆಗ ಮೂವತ್ತಾರು. ಜೀವನಪೂರ್ತಿ ಸಾಲುವಷ್ಟು ಹಣ ಕೈಯಲ್ಲಿತ್ತು. ಇದನ್ನು ಮುಗ್ಗಟ್ಟನ್ನು ಗೆದ್ದದ್ದೆನ್ನಬೇಕೋ, ಬೆನ್ನು ತೋರಿದ್ದೆನ್ನಬೇಕೋ ಎಂಬ ಬಗ್ಗೆ ಇತಿಹಾಸಕಾರರಲ್ಲಿ ಒಮ್ಮತವಿಲ್ಲ. ಬ್ರಿಟನ್ ಕೃತಕ ಬಣ್ಣದ ಉದ್ಯಮವನ್ನು ಜರ್ಮನಿಗೆ ಬಿಟ್ಟುಕೊಟ್ಟ ಘಳಿಗೆಯಿದೆಂದು ಕೆಲವರ ವಾದ. ಈ ವರದಿಗಾರನಿಗೆ ಆ ಆಪಾದನೆ ಅತಿಯೆನಿಸುತ್ತದೆ. ವಿಶ್ವವಿದ್ಯಾಲಯ, ಸರ್ಕಾರ, ಬಂಡವಾಳಗಾರರು ಮೂವರೂ ಮಾಡದ ಕೆಲಸವನ್ನು ಒಬ್ಬ ಬಡಗಿಯ ಇಬ್ಬರು ಮಕ್ಕಳು ಮಾಡಲಿಲ್ಲವೆಂದು ದೂರುವುದು ಎಷ್ಟರ ಮಟ್ಟಿಗೆ ಸರಿ? ಕೊಂಡವರಿಂದಲೂ ಅದು ಹೆಚ್ಚು ಕಾಲ ನಡೆಯಲಿಲ್ಲ. ಎರಡೇ ವರ್ಷದಲ್ಲಿ ಅಲಿಜರಿನ್ ವ್ಯವಹಾರ ಮತ್ತೊಂದು ಕಂಪೆನಿಯ ಪಾಲಾಗಿ, ತಯಾರಿಕೆ ಥೇಮ್ಸ್ ದಡದ ಸಿಲ್ವರ್‌ಟೌನ್‌ಗೆ ಸ್ಥಳಾಂತರಗೊಂಡಿತು.

ಮರಳಿ ಪ್ರಯೋಗಶಾಲೆಗೆ

ಉಳಿದ ಮೂವತ್ಮೂರು ವರ್ಷ ಪರ್ಕಿನ್ ಸಡ್‌ಬರಿಯ ಮನೆಯಲ್ಲಿ ನೆಮ್ಮದಿಯಿಂದ ಸಂಶೋಧನೆ ನಡೆಸಿದ. ಪಕ್ಕದಲ್ಲೇ ಹೊಸ ಮನೆ ಕಟ್ಟಿಸಿಕೊಂಡು ಹಳೆಯದನ್ನು ಪ್ರಯೋಗಶಾಲೆಯಾಗಿ ಇಟ್ಟುಕೊಂಡಿದ್ದ. ಕಾಂತಕ್ಷೇತ್ರದಲ್ಲಿ ದ್ರವಗಳು ಬೆಳಕನ್ನು ತಿರುಗಿಸುವ ಪರಿಯ ಅಧ್ಯಯನ ಆತನಿಗೆ ವಿಜ್ಞಾನಿಗಳ ನಡುವೆ ಹೆಸರು ತಂದಿತು. ರಾಯಲ್ ಸೊಸೈಟಿಯ ಪದಕಗಳು ಬಂದವು, ಕೆಮಿಕಲ್ ಸೊಸೈಟಿಯ ಅಧ್ಯಕ್ಷಗಿರಿ ಬಂತು. ಮಾಂಸ ಬಿಟ್ಟಿದ್ದ, ಮದ್ಯ ಮುಟ್ಟುತ್ತಿರಲಿಲ್ಲ. ಪಿಟೀಲು ನುಡಿಸುತ್ತಿದ್ದ. ಆಡಂಬರವಿಲ್ಲದ ಸಂಕೋಚದ ಮನುಷ್ಯ.

ಜರ್ಮನಿಯಲ್ಲಿ ಉದ್ಯಮ ಹೆಮ್ಮರವಾಯಿತು. 1897ರಲ್ಲಿ ಬಿಎಎಸ್‌ಎಫ್ ಕೃತಕ ನೀಲಿಯನ್ನು ಪೇಟೆಗೆ ತಂದಾಗ ಅದರ ಪೆಟ್ಟು ನೇರವಾಗಿ ಬಿದ್ದದ್ದು ಬಿಹಾರದ ನೀಲಿ ತೋಟಗಳ ಮೇಲೆ. ಮಾಲೀಕರು ಆ ನಷ್ಟವನ್ನು ಗೇಣಿದಾರರ ತಲೆಗೆ ಕಟ್ಟಿದ್ದೂ, 1917ರಲ್ಲಿ ಗಾಂಧೀಜಿ ಚಂಪಾರಣ್‌ಗೆ ಹೋದದ್ದೂ ನಾವು ಬಲ್ಲ ಇತಿಹಾಸ.

1906ರಲ್ಲಿ ಮೋವ್ ಬಣ್ಣಕ್ಕೆ ಐವತ್ತು ತುಂಬಿತು. ಬ್ರಿಟಿಷ್ ಸರ್ಕಾರ ಪರ್ಕಿನ್‌ಗೆ ನೈಟ್ ಪದವಿ ನೀಡಿತು. ಜರ್ಮನಿಯ ರಸಾಯನಜ್ಞರು ಹಾಫ್‌ಮನ್ ಹೆಸರಿನ ಪದಕವನ್ನು ತೊಡಿಸಿದರು. ಐವತ್ತು ವರ್ಷಗಳ ಹಿಂದೆ ಆತ ಮುನಿಸು ಕಟ್ಟಿಕೊಂಡಿದ್ದ ಗುರುವಿನ ಹೆಸರು. ಅಮೆರಿಕದವರು ಕರೆಸಿಕೊಂಡು, ಆತನ ಹೆಸರಿನಲ್ಲೇ ಹೊಸ ಪದಕ ಸ್ಥಾಪಿಸಿ, ಮೊದಲನೆಯದನ್ನು ಆತನಿಗೇ ಕೊಟ್ಟರು. ನ್ಯೂಯಾರ್ಕಿನ ಔತಣಕೂಟಕ್ಕೆ ಬಂದ ಅತಿಥಿಗಳೆಲ್ಲ ಅಂದು ನೇರಳೆ ಬಣ್ಣದ ಟೈ ಕಟ್ಟಿದ್ದರು. ಮರುವರ್ಷ, 1907ರ ಜುಲೈ 14ರಂದು, ಅರವತ್ತೊಂಬತ್ತನೆಯ ವಯಸ್ಸಿನಲ್ಲಿ ಪರ್ಕಿನ್ ನಿಧನನಾದ.

ಏಳು ವರ್ಷಗಳ ನಂತರ ಮೊದಲ ಮಹಾಯುದ್ಧ ಆರಂಭವಾದಾಗ ಬ್ರಿಟನ್ ತನ್ನ ಗಿರಣಿಗಳಿಗೆ ಬೇಕಾದ ಬಣ್ಣಕ್ಕೆ ಪರದಾಡಿತು. ಅದುವರೆಗೆ ಬಹುಪಾಲು ಬಣ್ಣ ಶತ್ರುದೇಶವಾದ ಜರ್ಮನಿಯಿಂದಲೇ ಬರುತ್ತಿತ್ತು. 1915ರಲ್ಲಿ ಸರ್ಕಾರವೇ ಹಣ ಹಾಕಿ ಬ್ರಿಟಿಷ್ ಡೈಸ್ ಎಂಬ ಕಂಪೆನಿಯನ್ನು ಹುಟ್ಟುಹಾಕಬೇಕಾಯಿತು.

ಪರ್ಕಿನ್‌ನ ಮೂವರು ಗಂಡುಮಕ್ಕಳೂ ರಸಾಯನಜ್ಞರಾದರು. ಹಿರಿಯ ಮಗ ತಂದೆಯದೇ ಹೆಸರಿನವನು, ಮ್ಯಾಂಚೆಸ್ಟರ್ ಮತ್ತು ಆಕ್ಸ್‌ಫರ್ಡ್‌ನಲ್ಲಿ ಪ್ರಾಧ್ಯಾಪಕನಾಗಿ ಖ್ಯಾತನಾದ. ಎರಡನೆಯವನಾದ ಆರ್ಥರ್ ಜಾರ್ಜ್ ಲೀಡ್ಸ್ ನಗರದಲ್ಲಿ ಬಣ್ಣ ರಸಾಯನದ ಪ್ರಾಧ್ಯಾಪಕನಾಗಿದ್ದು, ತಂದೆಯ ಕಾರ್ಖಾನೆ ಪೇಟೆಯಿಂದ ಹೊರಗಟ್ಟಿದ ಬೇರು, ತೊಗಟೆ, ಎಲೆಗಳ ಬಣ್ಣಗಳನ್ನೇ, ಭಾರತದ ಸಸ್ಯಬಣ್ಣಗಳನ್ನೂ ಸೇರಿಸಿ, ಜೀವನಪೂರ್ತಿ ಅಭ್ಯಾಸ ಮಾಡಿದ. ನೈಸರ್ಗಿಕ ಬಣ್ಣಗಳ ಕುರಿತು ಆತ ಸಹಲೇಖಕನಾಗಿ ಬರೆದ ಬೃಹತ್ ಗ್ರಂಥ 1918ರಲ್ಲಿ ಪ್ರಕಟವಾಯಿತು.